ಜರ್ಮನ್ ಅಂದರೆ ಯಾರು? ಬದಲಾಗುತ್ತಾ ಬಂದ ಪೌರತ್ವ ಕಾನೂನಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಓದಲು, ದುಡಿಯಲು ಜರ್ಮನಿಗೆ ಹೋಗುವ ಕನ್ನಡಿಗರು ಈಗ ಜಾಸ್ತಿ. ಹಾಗಾಗಿ ಅಲ್ಲಿನ ಪೌರತ್ವದ ಬಗ್ಗೆ ಕೇಳುವವರೂ ಜಾಸ್ತಿ. ‘ಎಷ್ಟು ವರ್ಷಕ್ಕೆ ಪಾಸ್‌ಪೋರ್ಟ್ ಸಿಗುತ್ತೆ?’ ಅನ್ನುವುದಕ್ಕೆ ಒಂದು ಸಾಲಿನ ಉತ್ತರ ಸಾಕು. ಆದರೆ ಆ ಸಾಲಿನ ಹಿಂದೆ 150 ವರ್ಷದ ಜಗಳ ಇದೆ. ಇಲ್ಲಿ ಹೆಚ್ಚಾಗಿ ಆ ಜಗಳದ ಬಗ್ಗೆಯೇ ಬರೆದಿದ್ದೇನೆ. ಅರ್ಜಿ ಹಾಕುವವರಿಗೆ ಬೇಕಾದ ಒಂದೆರಡು ವಿಷಯ ಕೊನೆಯ ಕಡೆ ಇವೆ.

ಜರ್ಮನಿ ಎಂಬ ದೇಶ ಹುಟ್ಟುವ ಮುಂಚೆ ಜರ್ಮನ್ ಅಂದರೆ ಯಾರು?

ನಮಗೆ ಗೊತ್ತಿರುವ ಇಬ್ಬರನ್ನೇ ತೆಗೆದುಕೊಳ್ಳೋಣ. 1843ರಲ್ಲಿ ‘ಮಂಗಳೂರು ಸಮಾಚಾರ’ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಅವರನ್ನು ನಾವು ಜರ್ಮನ್ ಪಾದ್ರಿ ಅನ್ನುತ್ತೇವೆ. ಆದರೆ ಆ ವರ್ಷ ಜರ್ಮನಿ ಅನ್ನುವ ದೇಶವೇ ಇರಲಿಲ್ಲ. ಇದ್ದದ್ದು ಸುಮಾರು 40 ರಾಜ್ಯಗಳ ಒಂದು ಸಡಿಲ ಕೂಟ. ಮೋಗ್ಲಿಂಗ್ ಅದರಲ್ಲಿ ವುರ್ಟೆಂಬರ್ಗ್ ರಾಜ್ಯದವರು. ನಿಘಂಟಿನ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಹ್ಯಾನೋವರ್ ರಾಜ್ಯದ ಕರಾವಳಿಯಲ್ಲಿ. ಆಗ ಹ್ಯಾನೋವರಿನ ದೊರೆ ಯಾರು ಗೊತ್ತಾ? ಬ್ರಿಟನ್ನಿನ ದೊರೆ ನಾಲ್ಕನೇ ವಿಲಿಯಂ. 1866ರಲ್ಲಿ ಹ್ಯಾನೋವರನ್ನು ಪ್ರಷ್ಯಾ ಎಂಬ ಬಲಿಷ್ಠ ಜರ್ಮನ್ ರಾಜ್ಯ ನುಂಗಿತು. 1871ರಲ್ಲಿ ಪ್ರಷ್ಯಾವೇ ಮುಂದೆ ನಿಂತು ಜರ್ಮನ್ ಸಾಮ್ರಾಜ್ಯ ಕಟ್ಟಿತು. ಕಿಟೆಲ್ ಅವರ ನಿಘಂಟು ಅಚ್ಚಾದ 1894ರ ಹೊತ್ತಿಗೆ ಅವರ ಹುಟ್ಟೂರು ಮೂರನೇ ಸರ್ಕಾರ ನೋಡಿತ್ತು.

ಸಾಮ್ರಾಜ್ಯ ಬಂದ ಮೇಲೂ ನೇರವಾಗಿ ‘ಜರ್ಮನ್’ ಆಗುವ ದಾರಿ ಸಾಮಾನ್ಯವಾಗಿ ಇರಲಿಲ್ಲ. ಮೊದಲು ಪ್ರಷ್ಯಾದವರೋ ಬವೇರಿಯಾದವರೋ ಆಗಿರಬೇಕು, ಅದರ ಮೂಲಕ ಜರ್ಮನ್. ರಾಜ್ಯಗಳ ಪೌರತ್ವ ತೆಗೆದು ಒಂದೇ ಪೌರತ್ವ ಮಾಡಿದ್ದು 1934ರ ಫೆಬ್ರುವರಿಯಲ್ಲಿ. ಮಾಡಿದವರು ನಾಜಿಗಳು. ‘ಜರ್ಮನ್ ಗುರುತು’ ಅನ್ನುವುದು ಅನಾದಿ ಕಾಲದಿಂದ ಒಂದೇ ಥರ ಇತ್ತು ಅಂತ ಯಾರಾದರೂ ಹೇಳಿದರೆ ಈ ಇಸವಿ ನೆನಪಿಸಿ.

ಸಮಾಜ ಬದಲಾದ ಹಾಗೆ ಕಾನೂನು ತಾನಾಗೇ ಬದಲಾಗುತ್ತದಾ?

ಈ ಪ್ರಶ್ನೆಗೆ ಜರ್ಮನಿಯಲ್ಲೇ ಒಂದು ಪ್ರಸಿದ್ಧ ವಾದ ನಡೆದಿತ್ತು. 1814ರಲ್ಲಿ ಹೈಡೆಲ್‌ಬರ್ಗಿನ ಪ್ರಾಧ್ಯಾಪಕ ತಿಬೋ ಎಲ್ಲ ಜರ್ಮನ್ ರಾಜ್ಯಗಳಿಗೂ ಒಂದೇ ನಾಗರಿಕ ಸಂಹಿತೆ (ಆಸ್ತಿ, ಮದುವೆ, ಒಪ್ಪಂದಗಳ ಕಾನೂನು) ಬರಲಿ ಎಂದರು. ಬರ್ಲಿನ್ನಿನ ಸವಿನಿ ಒಪ್ಪಲಿಲ್ಲ. ಭಾಷೆ ಬೆಳೆಯುವ ಹಾಗೆ ಕಾನೂನೂ ಜನರ ನಡುವೆ ಮೆಲ್ಲಗೆ ಬೆಳೆಯುತ್ತದೆ, ಕೂತು ಬರೆದು ಹೇರುವಂಥದ್ದಲ್ಲ ಅನ್ನುವುದು ಅವರ ವಾದ. ಒಂದೇ ಸಂಹಿತೆ ಜಾರಿಗೆ ಬಂದಿದ್ದು 1900ರ ಜನವರಿ 1ರಂದು. ಅಷ್ಟರಲ್ಲಿ ಇಬ್ಬರೂ ತೀರಿಹೋಗಿ ದಶಕಗಳೇ ಕಳೆದಿದ್ದವು.

ಸವಿನಿ ಮಾತು ಕೇಳಲು ಚೆನ್ನಾಗಿದೆ. ಆದರೆ ಪೌರತ್ವದ ಕಥೆಗೆ ಅದು ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಇಲ್ಲಿ ಕಾನೂನು ಸಮಾಜದ ಜೊತೆ ಹೆಜ್ಜೆ ಹಾಕಿದ್ದು ಕಡಿಮೆ. ಒಂದೋ ದಶಕಗಟ್ಟಲೆ ಹಿಂದೆ ಬಿತ್ತು, ಇಲ್ಲವೇ ಅಧಿಕಾರದಲ್ಲಿದ್ದವರು ಅದನ್ನು ಹಿಡಿದು ಸಮಾಜವನ್ನೇ ಒಡೆದರು. ತಡವಾದಾಗಲೆಲ್ಲ ಅದರ ಬೆಲೆ ತೆತ್ತವರು ಕಾಯುತ್ತಾ ಕೂತವರೇ.

1913ರ ಕಾನೂನಿನ ಬಗ್ಗೆ ಯಾಕೆ ಅಷ್ಟೊಂದು ಮಾತು?

ಅದು ತುಂಬ ದಿನ ಬದುಕಿತು, ಅದಕ್ಕೇ. 1913ರ ಜುಲೈ 22ರಂದು ಕೈಸರ್ (ಚಕ್ರವರ್ತಿ) ಕಾಲದಲ್ಲಿ ಬಂದ ಕಾನೂನು ತಿದ್ದುಪಡಿಗಳ ಜೊತೆ 2000ನೇ ಇಸವಿ ತನಕ ನಡೆಯಿತು. ಅದರ ತಿರುಳು ಇಷ್ಟೇ: ತಂದೆ ಜರ್ಮನ್ ಆದರೆ ಮಗು ಜರ್ಮನ್. ಎಲ್ಲಿ ಹುಟ್ಟಿತು ಅನ್ನುವುದು ಲೆಕ್ಕಕ್ಕಿಲ್ಲ.

ಹಳೆಯ 1870ರ ಕಾನೂನಿನ ಪ್ರಕಾರ 10 ವರ್ಷ ಹೊರದೇಶದಲ್ಲಿದ್ದು ದೂತಾವಾಸದಲ್ಲಿ ಹೆಸರು ಬರೆಸದಿದ್ದರೆ ಪೌರತ್ವ ಹೋಗುತ್ತಿತ್ತು. ಅಮೆರಿಕಕ್ಕೆ, ವಸಾಹತುಗಳಿಗೆ ಹೋದ ಲಕ್ಷಾಂತರ ಜನ ಕೈತಪ್ಪುತ್ತಾರೆ ಅನ್ನುವ ಚಿಂತೆ ಸರ್ಕಾರಕ್ಕಿತ್ತು. 1913ರಲ್ಲಿ ಆ ಷರತ್ತು ತೆಗೆದರು. ಇನ್ನೊಂದು ಕಡೆ, ಪೂರ್ವದಿಂದ ಕೆಲಸಕ್ಕೆ ಬರುತ್ತಿದ್ದ ಪೋಲಿಷ್ ಜನ ಮತ್ತು ಯಹೂದಿಗಳು ಪೌರರಾಗಬಾರದು ಎಂಬ ಹಟವೂ ಇತ್ತು. ಒಂದು ರಾಜ್ಯ ಒಬ್ಬರಿಗೆ ಪೌರತ್ವ ಕೊಡಲು ಹೊರಟರೆ ಬೇರೆ ರಾಜ್ಯ ತಕರಾರು ಎತ್ತಬಹುದು ಅಂತ ಕಾನೂನಲ್ಲೇ ಬರೆದರು. ಇಲ್ಲೇ ಹುಟ್ಟಿದವರಿಗೆ ಹಕ್ಕು ಕೊಡಿ ಎಂದು ಸೋಷಿಯಲ್ ಡೆಮಾಕ್ರಟರು ಸಂಸತ್ತಿನಲ್ಲಿ ಕೇಳಿದರು. ಸೋತರು. ಅದೇ ಬೇಡಿಕೆ ಗೆದ್ದಿದ್ದು 86 ವರ್ಷದ ನಂತರ.

ನಾಜಿಗಳು ಕಾನೂನನ್ನು ಮುರಿದರಾ, ಬಳಸಿದರಾ?

ಬಳಸಿದರು. ಅದೇ ಭಯ ಹುಟ್ಟಿಸುವ ಸಂಗತಿ.

1933ರ ಜುಲೈ 14ರ ಕಾನೂನು ಎರಡು ಕೆಲಸ ಮಾಡಿತು. 1918ರ ನಂತರ ಪೌರತ್ವ ಪಡೆದವರಲ್ಲಿ ತಮಗೆ ಬೇಡದವರದ್ದನ್ನು ವಾಪಸ್ ಪಡೆಯಲು ದಾರಿ ಮಾಡಿತು. ಇದರಲ್ಲಿ ಮುಖ್ಯವಾಗಿ ಸಿಕ್ಕಿಬಿದ್ದವರು ಪೂರ್ವ ಯುರೋಪಿನ ಯಹೂದಿಗಳು. ದೇಶ ಬಿಟ್ಟು ಹೋದ ವಿರೋಧಿಗಳ ಪೌರತ್ವ ಕಿತ್ತುಕೊಳ್ಳಲೂ ಅವಕಾಶ ಕೊಟ್ಟಿತು. ಆಗಸ್ಟ್‌ನಲ್ಲಿ ಮೊದಲ ಪಟ್ಟಿ ಹೊರಬಿತ್ತು, 33 ಹೆಸರು. ಅದರಲ್ಲಿ ಫಿಲಿಪ್ ಶೈಡೆಮಾನ್ ಇದ್ದರು. 1918ರ ನವೆಂಬರ್ 9ರಂದು ಬರ್ಲಿನ್ನಿನ ಸಂಸತ್ ಭವನದ ಕಿಟಕಿಯಿಂದ ಗಣರಾಜ್ಯ ಘೋಷಿಸಿದವರು, ಆಮೇಲೆ ಸರ್ಕಾರದ ಮುಖ್ಯಸ್ಥರಾಗಿದ್ದವರು. 15 ವರ್ಷದಲ್ಲಿ ಅವರೇ ಜರ್ಮನ್ ಅಲ್ಲ ಎಂದಾಯಿತು! ಮುಂದಿನ ಪಟ್ಟಿಗಳಲ್ಲಿ ಐನ್‌ಸ್ಟೈನ್, ಥಾಮಸ್ ಮಾನ್ ಬಂದರು.

1935ರ ನ್ಯೂರೆಂಬರ್ಗ್ ಕಾನೂನು ಪ್ರಜೆಗಳನ್ನು ಎರಡು ದರ್ಜೆ ಮಾಡಿತು. ‘ಜರ್ಮನ್ ರಕ್ತ’ದವರಿಗೆ ಮಾತ್ರ ಪೂರ್ತಿ ರಾಜಕೀಯ ಹಕ್ಕು. ರಕ್ತ ಪರೀಕ್ಷೆ ಅಂತೂ ಸಾಧ್ಯವಿಲ್ಲ, ಹಾಗಾಗಿ ಅಜ್ಜ ಅಜ್ಜಿ ಯಾವ ಧರ್ಮದವರು ಎಂದು ನೋಡಿ ತೀರ್ಮಾನ ಮಾಡಿದರು. ಚರ್ಚಿನ ದಾಖಲೆ ಪುಸ್ತಕಗಳೇ ಸಾಕ್ಷಿ. 1941ರ ನವೆಂಬರ್ 25ರ ಆದೇಶ ಇನ್ನೂ ಮುಂದೆ ಹೋಯಿತು. ಯಹೂದಿಯೊಬ್ಬರು ಹೊರದೇಶದಲ್ಲಿ ನೆಲೆಸಿದ್ದರೆ ಪೌರತ್ವ ತಾನಾಗೇ ಹೋಗುತ್ತದೆ, ಆಸ್ತಿ ಸರ್ಕಾರಕ್ಕೆ ಸೇರುತ್ತದೆ. ರೈಲಿಗೆ ತುಂಬಿ ಗಡಿ ದಾಟಿಸಿದವರೂ ‘ಹೊರದೇಶದಲ್ಲಿ ನೆಲೆಸಿದವರು’. ಸಾಯಿಸಲು ಒಯ್ದ ಜನರ ಮನೆ, ಬ್ಯಾಂಕ್ ಖಾತೆ ಕಚೇರಿ ಕಾಗದದಲ್ಲೇ ಸರ್ಕಾರದ ಕೈಸೇರಿತು.

ಯುದ್ಧ ಮುಗಿದ ಮೇಲೆ ಇದನ್ನು ಏನೆನ್ನಬೇಕು? ಕಾನೂನು ಪ್ರಕಾರವೇ ನಡೆಯಿತಲ್ಲ? ವೈಮರ್ ಕಾಲದಲ್ಲಿ, ಅಂದರೆ ನಾಜಿಗಳಿಗಿಂತ ಮುಂಚಿನ ಗಣರಾಜ್ಯದಲ್ಲಿ, ಕಾನೂನು ಸಚಿವರಾಗಿದ್ದ ಗುಸ್ಟಾಫ್ ರಾಡ್‌ಬ್ರುಖ್ 1946ರಲ್ಲಿ ಒಂದು ಮಾತು ಹೇಳಿದರು. ಸಹಿಸಲಾಗದಷ್ಟು ಅನ್ಯಾಯವಾದ ಕಾನೂನು ಕಾನೂನೇ ಅಲ್ಲ ಅನ್ನುವ ಅರ್ಥದ್ದು. 1968ರ ಫೆಬ್ರುವರಿ 14ರಂದು ಸಂವಿಧಾನ ನ್ಯಾಯಾಲಯ ಇದೇ ಜಾಡಿನಲ್ಲಿ ನಡೆದು, 1941ರ ಆದೇಶ ಮೊದಲಿನಿಂದಲೇ ಶೂನ್ಯ ಎಂದಿತು.

ಹಾಗೆ ಪೌರತ್ವ ಕಳೆದುಕೊಂಡವರ ಮಕ್ಕಳಿಗೆ ವಾಪಸ್ ಸಿಕ್ಕಿತಾ?

1949ರ ಸಂವಿಧಾನದ 116ನೇ ವಿಧಿಯಲ್ಲೇ ಆ ಹಕ್ಕು ಇದೆ, ವಂಶಸ್ಥರಿಗೂ ಸೇರಿ. ಆದರೆ ಅಧಿಕಾರಿಗಳು ಅಕ್ಷರ ಹಿಡಿದು ಓದಿದರು. ತಾಯಿಯ ಕಡೆಯಿಂದ ಬಂದವರು, ಪೌರತ್ವ ಕಿತ್ತುಕೊಳ್ಳುವ ಮುಂಚೆಯೇ ಬೇರೆ ದೇಶದ ಪೌರರಾದವರು, ಇಂಥವರ ಮಕ್ಕಳು ಮೊಮ್ಮಕ್ಕಳು ಹೊರಗೆ ಉಳಿದರು. ಆ ಸಂದು ಮುಚ್ಚಿದ ಕಾನೂನು ಬಂದಿದ್ದು 2021ರ ಆಗಸ್ಟ್‌ನಲ್ಲಿ. ಎಷ್ಟೊಂದು ಜನ ಅಷ್ಟರಲ್ಲಿ ವಯಸ್ಸಾಗಿ ಹೋಗಿದ್ದರು.

ಹೆಂಗಸರ ಪೌರತ್ವ ಬೇರೆ ಇತ್ತಂತೆ, ನಿಜವಾ?

ನಿಜ. 1913ರ ಕಾನೂನಿನಲ್ಲಿ ಜರ್ಮನ್ ಹೆಣ್ಣು ವಿದೇಶಿಯನ್ನು ಮದುವೆಯಾದರೆ ಅವಳ ಪೌರತ್ವ ಹೋಗುತ್ತಿತ್ತು. ಗಂಡಸು ವಿದೇಶಿಯನ್ನು ಕಟ್ಟಿಕೊಂಡರೆ ಅವನಿಗೇನೂ ಆಗುತ್ತಿರಲಿಲ್ಲ, ಹೆಂಡತಿಯೇ ಜರ್ಮನ್ ಆಗುತ್ತಿದ್ದಳು.

ಇದನ್ನು ಒಡೆದಿದ್ದು ಒಂದು ಸಣ್ಣ ವಾಕ್ಯ. ಹೊಸ ಸಂವಿಧಾನ ಬರೆಯಲು ಕೂತ ಸಭೆಯಲ್ಲಿ 65 ಸದಸ್ಯರು, ಅದರಲ್ಲಿ ನಾಲ್ವರು ಹೆಂಗಸರು. ಅವರಲ್ಲೊಬ್ಬರಾದ ವಕೀಲೆ ಎಲಿಸಬೆತ್ ಸೆಲ್ಬರ್ಟ್ ‘ಗಂಡಸರು ಹೆಂಗಸರು ಸಮಾನ ಹಕ್ಕುಳ್ಳವರು’ ಎಂದು ಬರೆಯಲೇಬೇಕು ಅಂತ ಪಟ್ಟು ಹಿಡಿದರು. ಮೊದಲು ಬಿದ್ದುಹೋಯಿತು. ಸೆಲ್ಬರ್ಟ್ ಊರೂರು ಸುತ್ತಿ ಮಾತಾಡಿದರು. ದೇಶದ ಮೂಲೆಮೂಲೆಯಿಂದ ಹೆಂಗಸರ ಪತ್ರಗಳು ಬಂದು ಬಿದ್ದವು. 1949ರ ಜನವರಿಯಲ್ಲಿ ಸಭೆ ಒಪ್ಪಿತು. ಇದಕ್ಕೆ ವಿರುದ್ಧವಾದ ಕಾನೂನುಗಳಿಗೆ 1953ರ ಮಾರ್ಚ್ 31 ಕೊನೆಯ ದಿನ ಎಂದು ಗಡುವನ್ನೂ ಬರೆದರು. ಗಡುವು ಮುಗಿದ ಮರುದಿನದಿಂದ ಮದುವೆಯ ಕಾರಣಕ್ಕೆ ಪೌರತ್ವ ಕಳೆದುಕೊಳ್ಳುವ ನಿಯಮ ಸತ್ತಿತು.

ಅಷ್ಟಕ್ಕೇ ಮುಗಿಯಲಿಲ್ಲ. ಜರ್ಮನ್ ತಾಯಿ, ವಿದೇಶಿ ತಂದೆ ಇರುವ ಮಗುವಿಗೆ ತಾಯಿಯ ಪೌರತ್ವ ಹುಟ್ಟಿನಿಂದ ಸಿಗುವಂತಾಗಿದ್ದು 1975ರಿಂದ. ಅದೂ ಸಂವಿಧಾನ ನ್ಯಾಯಾಲಯ ಚಾಟಿ ಬೀಸಿದ ಮೇಲೆ. ಅಂದಹಾಗೆ, ಹೆಂಡತಿ ಸಂಸಾರದ ಹೊಣೆಗೆ ತೊಂದರೆಯಾಗದಂತೆ ಮಾತ್ರ ಹೊರಗೆ ದುಡಿಯಬಹುದು ಎಂಬ ಸಾಲು ಪಶ್ಚಿಮ ಜರ್ಮನಿಯ ನಾಗರಿಕ ಸಂಹಿತೆಯಿಂದ ಹೋಗಿದ್ದು 1977ರಲ್ಲಿ. ಯುರೋಪ್ ಅಂದರೆ ಎಲ್ಲವೂ ಮುಂಚೆಯೇ ಸರಿಹೋಗಿತ್ತು ಅಂದುಕೊಂಡವರಿಗೆ ಇದನ್ನು ಹೇಳಿದೆ, ಅಷ್ಟೇ.

ಟರ್ಕಿಯವರು ಹೇಗೆ ಬಂದರು? ಬಂದವರು ಯಾಕೆ ಅಷ್ಟು ವರ್ಷ ವಿದೇಶಿಗಳಾಗೇ ಉಳಿದರು?

ಯುದ್ಧದ ನಂತರ ಪಶ್ಚಿಮ ಜರ್ಮನಿಯ ಕಾರ್ಖಾನೆ, ಗಣಿಗಳಿಗೆ ಕೈ ಸಾಲಲಿಲ್ಲ. 1955ರಲ್ಲಿ ಇಟಲಿ ಜೊತೆ ಒಪ್ಪಂದ, 1960ರಲ್ಲಿ ಸ್ಪೇನ್ ಮತ್ತು ಗ್ರೀಸ್, 1961ರ ಅಕ್ಟೋಬರ್ 30ರಂದು ಟರ್ಕಿ. ಹೀಗೆ ಬಂದವರಲ್ಲಿ ಹತ್ತು ಲಕ್ಷನೆಯ ಕಾರ್ಮಿಕ ಪೋರ್ಚುಗಲ್‌ನವರು. 1964ರಲ್ಲಿ ಕಲೋನ್ ನಗರದ ರೈಲು ನಿಲ್ದಾಣದಲ್ಲಿ ಬ್ಯಾಂಡ್ ಬಾರಿಸಿ, ಅವರಿಗೆ ಒಂದು ಮೊಪೆಡ್ ಉಡುಗೊರೆ ಕೊಟ್ಟರು. 1973ರ ನವೆಂಬರ್ ತನಕ ಸುಮಾರು 1 ಕೋಟಿ 40 ಲಕ್ಷ ಜನ ಬಂದು, 1 ಕೋಟಿ 10 ಲಕ್ಷ ಜನ ವಾಪಸ್ ಹೋದರು.

ಅವರನ್ನು ಕರೆದದ್ದು ‘ಅತಿಥಿ ಕಾರ್ಮಿಕರು’ ಎಂದು. ದುಡಿದು ಹೋಗುತ್ತಾರೆ ಅನ್ನುವುದು ಎರಡೂ ಕಡೆಯ ಲೆಕ್ಕ. 1973ರಲ್ಲಿ ತೈಲದ ಬಿಕ್ಕಟ್ಟಿನ ಹೊತ್ತಿಗೆ ನೇಮಕ ನಿಲ್ಲಿಸಿದರು. ಆಗ ಆಗಿದ್ದು ಉಲ್ಟಾ. ಒಮ್ಮೆ ಊರಿಗೆ ಹೋದರೆ ಮತ್ತೆ ಬರಲಾಗದು ಅಂತ ಗೊತ್ತಾದ ಕೂಡಲೇ ಜನ ಅಲ್ಲೇ ಉಳಿದರು, ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ಬಾಗಿಲು ಹಾಕಿದ್ದರಿಂದಲೇ ಅತಿಥಿಗಳು ನೆಲೆಸಿದರು!

ಮಕ್ಕಳು ಅಲ್ಲೇ ಹುಟ್ಟಿದರು, ಅಲ್ಲೇ ಶಾಲೆಗೆ ಹೋದರು. ಕಾನೂನಿನ ಕಣ್ಣಿಗೆ ಮಾತ್ರ ವಿದೇಶಿಗಳು. ಸರ್ಕಾರವೇ ನೇಮಿಸಿದ ಹೈಂಟ್ಸ್ ಕ್ಯೂನ್ 1979ರಲ್ಲೇ ವರದಿ ಕೊಟ್ಟು, ಇವರು ವಲಸಿಗರು, ಒಪ್ಪಿಕೊಳ್ಳಿ, ಇಲ್ಲಿ ಹುಟ್ಟಿದ ಮಕ್ಕಳಿಗೆ ಪೌರತ್ವದ ಹಕ್ಕು ಕೊಡಿ ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಲ್ಮುಟ್ ಕೋಲ್ ಸರ್ಕಾರ 1983ರಲ್ಲಿ ಕೆಲಸ ಕಳೆದುಕೊಂಡ ವಿದೇಶಿ ಕಾರ್ಮಿಕರಿಗೆ ವಾಪಸ್ ಹೋದರೆ 10,500 ಮಾರ್ಕ್ ಕೊಡುವ ಯೋಜನೆ ತಂದಿತು. ಜರ್ಮನಿ ವಲಸೆಯ ದೇಶ ಅಲ್ಲ ಅನ್ನುವುದು ಆಗಿನ ಮಂತ್ರ. ಇದೇ ಕಾಲದಲ್ಲಿ ಕಜಕಸ್ತಾನದಿಂದ, ರೊಮೇನಿಯಾದಿಂದ ಜರ್ಮನ್ ಮೂಲದವರು ಬಂದರೆ, ಭಾಷೆ ಬಾರದಿದ್ದರೂ, ಕೂಡಲೇ ಜರ್ಮನ್ ಪೌರರು. ಬರ್ಲಿನ್ನಿನಲ್ಲಿ ಹುಟ್ಟಿ ಬೆಳೆದ ಟರ್ಕಿಷ್ ಹುಡುಗಿಗೆ ವೀಸಾದ ಮುದ್ರೆ. ಸೋವಿಯತ್ ಕಾಲದಲ್ಲಿ ಜರ್ಮನ್ ಅನ್ನುವ ಕಾರಣಕ್ಕೇ ಗಡಿಪಾರಾದವರ ಮಕ್ಕಳನ್ನು ಕರೆಸಿಕೊಂಡದ್ದರಲ್ಲಿ ತಪ್ಪೇನಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಾನೂನಿನ ಮನಸ್ಸು ಕಾಣುತ್ತದೆ.

ಇದರಲ್ಲಿ ಭಾರತೀಯರ ಪಾತ್ರ ಏನಾದರೂ ಇದೆಯಾ?

ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. 1961ರಲ್ಲಿ ಪಶ್ಚಿಮ ಜರ್ಮನಿಗೆ ಹೋದ ಒಬ್ಬ ಭಾರತೀಯರ ವಾಸದ ಪರವಾನಗಿಯನ್ನು ಅಧಿಕಾರಿಗಳು ಸುಮ್ನೆ ಮತ್ತೆ ಮತ್ತೆ ನವೀಕರಿಸುತ್ತಾ ಬಂದರು. 1973ರಲ್ಲಿ ಇದ್ದಕ್ಕಿದ್ದ ಹಾಗೆ ಆಗಲ್ಲ ಎಂದರು. ಅವರು ಬಿಡಲಿಲ್ಲ, ಸಂವಿಧಾನ ನ್ಯಾಯಾಲಯದ ತನಕ ಹೋದರು. 1978ರ ಸೆಪ್ಟೆಂಬರ್ 26ರಂದು ಗೆದ್ದರು. ವರ್ಷಗಟ್ಟಲೆ ನವೀಕರಿಸಿ ಇರಬಹುದು ಎಂಬ ನಂಬಿಕೆ ಹುಟ್ಟಿಸಿದ ಮೇಲೆ, ನಮ್ಮದು ವಲಸೆಯ ದೇಶವಲ್ಲ ಎಂಬ ಒಂದೇ ಮಾತಿನಿಂದ ಅದನ್ನು ಮುರಿಯುವಂತಿಲ್ಲ ಎಂದಿತು ಕೋರ್ಟು. ಈ ತೀರ್ಪು ಲಕ್ಷಾಂತರ ಕಾರ್ಮಿಕರ ಕಾಲ ಕೆಳಗಿನ ನೆಲ ಗಟ್ಟಿ ಮಾಡಿತು. ಸಂಸತ್ತು ಒಪ್ಪಿಕೊಳ್ಳದ ಸತ್ಯವನ್ನು ನ್ಯಾಯಾಧೀಶರು ಮೊದಲು ಒಪ್ಪಿದರು.

ಹಾಗಾದರೆ ಕೊನೆಗೆ ಬದಲಾಗಿದ್ದು ಯಾವಾಗ?

2000ನೇ ಇಸವಿ ಜನವರಿ 1. ಅದರ ಹಿಂದೆ ರಕ್ತದ ಕಲೆಯೂ ಇದೆ. 1992ರಲ್ಲಿ ಮ್ಯೋಲ್ನ್, 1993ರಲ್ಲಿ ಸೋಲಿಂಗೆನ್ ಊರುಗಳಲ್ಲಿ ಟರ್ಕಿಷ್ ಕುಟುಂಬಗಳ ಮನೆಗೆ ಬೆಂಕಿ ಇಟ್ಟರು. ಒಟ್ಟು ಎಂಟು ಜನ ಸತ್ತರು, ಎಲ್ಲರೂ ಹೆಂಗಸರು ಮತ್ತು ಹುಡುಗಿಯರು. 1998ರಲ್ಲಿ ಗೆದ್ದ ಗೆರ್ಹಾರ್ಡ್ ಶ್ರೋಡರ್ ಸರ್ಕಾರ ಇಬ್ಬಗೆ ಪೌರತ್ವಕ್ಕೂ ಒಪ್ಪುವ ಕಾನೂನು ತರಲು ಹೊರಟಿತು. ಹೆಸ್ಸೆ ರಾಜ್ಯದ ಚುನಾವಣೆ ಹತ್ತಿರ ಬಂತು. ವಿರೋಧ ಪಕ್ಷವಾಗಿದ್ದ ಕ್ರಿಶ್ಚಿಯನ್ ಡೆಮಾಕ್ರಟರು ಬೀದಿ ಬೀದಿಯಲ್ಲಿ ಮೇಜು ಹಾಕಿ ಇದರ ವಿರುದ್ಧ ಸಹಿ ಸಂಗ್ರಹಿಸಿದರು, 1999ರ ಫೆಬ್ರುವರಿಯಲ್ಲಿ ಹೆಸ್ಸೆ ಗೆದ್ದರು. ಮೇಲ್ಮನೆಯಲ್ಲಿ ಸರ್ಕಾರದ ಬಹುಮತ ಹೋಯಿತು.

ಹಾಗಾಗಿ ಬಂದಿದ್ದು ರಾಜಿ ಕಾನೂನು. ತಂದೆ ತಾಯಿಯಲ್ಲಿ ಒಬ್ಬರು 8 ವರ್ಷ ಕಾನೂನುಬದ್ಧವಾಗಿ ಇದ್ದು ಕಾಯಂ ವಾಸದ ಹಕ್ಕು ಪಡೆದಿದ್ದರೆ ಅಲ್ಲಿ ಹುಟ್ಟಿದ ಮಗು ಜರ್ಮನ್. ಆದರೆ 18 ತುಂಬಿದ ಮೇಲೆ, 23ರ ಒಳಗೆ, ಎರಡರಲ್ಲಿ ಒಂದು ಪೌರತ್ವ ಆರಿಸಬೇಕು. ಹುಟ್ಟಿನಿಂದ ಜರ್ಮನ್ ಆಗಿದ್ದವರು 23ನೇ ವಯಸ್ಸಿಗೆ ಕಾಗದ ತುಂಬಿಲ್ಲ ಅಂತ ವಿದೇಶಿ ಆಗುವುದು! ಇದರಷ್ಟು ವಿಚಿತ್ರ ನಿಯಮ ನಾನು ಓದಿಲ್ಲ. ಅಲ್ಲೇ ಬೆಳೆದವರಿಗೆ 2014ರಲ್ಲಿ ಇದನ್ನು ತೆಗೆದರು. 2024ರಲ್ಲಿ ಪೂರ್ತಿ ಹೋಯಿತು.

2024ರ ಕಾನೂನಿನಲ್ಲಿ ಏನಿದೆ?

2024ರ ಜೂನ್ 27ರಿಂದ ಜಾರಿ. ಪೌರತ್ವಕ್ಕೆ 8 ವರ್ಷದ ಬದಲು 5 ವರ್ಷ. ಹಳೆಯ ಪೌರತ್ವ ಬಿಡಬೇಕೆಂದು ಜರ್ಮನಿ ಕೇಳುವುದಿಲ್ಲ. ತಂದೆ ತಾಯಿಯ ವಾಸದ ಅವಧಿಯೂ ಮಗುವಿನ ಲೆಕ್ಕಕ್ಕೆ 5 ವರ್ಷ. ವಿಶೇಷ ಸಾಧನೆ ಇದ್ದವರಿಗೆ 3 ವರ್ಷದ ದಾರಿಯೂ ಇತ್ತು, ಅದನ್ನು 2025ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿದರು. ಉಳಿದಂತೆ ಬಿ1 ಮಟ್ಟದ (ನಡುಮಟ್ಟದ) ಜರ್ಮನ್ ಭಾಷೆ, ಸ್ವಂತ ದುಡಿಮೆ, 255 ಯೂರೋ ಶುಲ್ಕ, ಮತ್ತು ಪೌರತ್ವ ಪರೀಕ್ಷೆ. ಅದರಲ್ಲಿ 33 ಪ್ರಶ್ನೆ, 17 ಸರಿಯಾದರೆ ಪಾಸ್. ಪ್ರಶ್ನೆಗಳೆಲ್ಲ ಮುಂಚೆಯೇ ಪ್ರಕಟವಾಗಿರುತ್ತವೆ, ಹೆದರಬೇಕಾಗಿಲ್ಲ.

ನನಗೆ ಹಿಡಿಸಿದ್ದು ಬೇರೆ ಒಂದು ಕಲಂ. ಹಳೆಯ ಅತಿಥಿ ಕಾರ್ಮಿಕರಿಗೆ ಪರೀಕ್ಷೆ ಇಲ್ಲ, ದಿನಬಳಕೆಯ ಮಾತು ಬಂದರೆ ಸಾಕು. ವಿಯೆಟ್ನಾಂ, ಮೊಜಾಂಬಿಕ್‌ನಿಂದ ಪೂರ್ವ ಜರ್ಮನಿಗೆ ಬಂದ ಗುತ್ತಿಗೆ ಕಾರ್ಮಿಕರಿಗೂ ಅಷ್ಟೇ. ದುಡಿಯುವ ಕಾಲದಲ್ಲಿ ಅವರಿಗೆ ಭಾಷೆ ಕಲಿಸಲು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ವ್ಯಾಕರಣ ಕೇಳುವುದು ನ್ಯಾಯವಲ್ಲ, ಅಲ್ವಾ?

ನಾನು ಭಾರತದ ಪೌರ. ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದಾ?

ಇಲ್ಲ. ಜರ್ಮನಿ ಬೇಡ ಅನ್ನುವುದಿಲ್ಲ, ಭಾರತ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ ಬೇರೆ ದೇಶದ ಪೌರತ್ವ ತೆಗೆದುಕೊಂಡ ಕ್ಷಣ ಭಾರತದ್ದು ಹೋಗುತ್ತದೆ. ಆಮೇಲೆ ಉಳಿಯುವುದು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್. ಅದರಲ್ಲಿ ವೀಸಾ ಚಿಂತೆ ಇಲ್ಲ, ಆದರೆ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ.

ಭಾರತದ ಕಾನೂನು ಇದಕ್ಕಿಂತ ಉದಾರವಾ?

ಒಂದು ಕಾಲದಲ್ಲಿ ಹೌದು. 1950ರ ಜನವರಿ 26ರಿಂದ 1987ರ ಜೂನ್ 30ರ ತನಕ ಭಾರತದ ನೆಲದಲ್ಲಿ ಹುಟ್ಟಿದವರು, ಕೆಲವು ಅಪವಾದ ಬಿಟ್ಟರೆ, ಭಾರತೀಯರು. ಆಮೇಲೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು ಎಂದಾಯಿತು. 2004ರ ಡಿಸೆಂಬರ್‌ನಿಂದ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂಬುದೂ ಸೇರಿತು. ಜರ್ಮನಿ ರಕ್ತದಿಂದ ನೆಲದ ಕಡೆಗೆ ಹೊರಟ ಕಾಲದಲ್ಲೇ ನಾವು ನೆಲದಿಂದ ರಕ್ತದ ಕಡೆಗೆ ನಡೆದೆವು. ಅಸ್ಸಾಂ ಚಳವಳಿ ಮತ್ತು ಗಡಿಯ ರಾಜಕೀಯ ಇದಕ್ಕೆ ಕಾರಣ. ಎಲ್ಲ ಸಮಾಜವೂ ಒಂದೇ ದಿಕ್ಕಿಗೆ ಹೋಗುತ್ತದೆ ಅನ್ನುವಂತಿಲ್ಲ.

ಪಾಸ್‌ಪೋರ್ಟ್ ಸಿಕ್ಕಿದ ಮೇಲೆ ಜನ ಜರ್ಮನ್ ಅಂತ ಒಪ್ಪುತ್ತಾರಾ?

ಎಲ್ಲರೂ ಒಪ್ಪುವುದಿಲ್ಲ. ಫುಟ್‌ಬಾಲ್ ಆಟಗಾರ ಮೆಸುಟ್ ಓಜಿಲ್ ಹುಟ್ಟಿದ್ದು ಗೆಲ್ಸೆನ್‌ಕಿರ್ಖೆನ್‌ನಲ್ಲಿ, 2014ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. 2018ರಲ್ಲಿ ಟರ್ಕಿ ಅಧ್ಯಕ್ಷ ಎರ್ದೊಗಾನ್ ಜೊತೆ ಫೋಟೋ ತೆಗೆಸಿಕೊಂಡ ಮೇಲೆ ಗಲಾಟೆ ಆಯಿತು. ಗೆದ್ದರೆ ನಾನು ಜರ್ಮನ್, ಸೋತರೆ ವಲಸಿಗ ಎಂದು ಬೇಸರದಿಂದ ಹೇಳಿ ತಂಡ ಬಿಟ್ಟರು. ಆ ಫೋಟೋ ಸರಿಯಿತ್ತಾ ಅನ್ನುವುದು ಬೇರೆ ಮಾತು. ಅವರು ಹೇಳಿದ್ದು ಎಷ್ಟೋ ಜನರ ಅನುಭವ.

ಈ ಗುರುತನ್ನು ಯಾವುದಕ್ಕೆ ಕಟ್ಟಬೇಕು ಅನ್ನುವುದರಲ್ಲಿ ಎರಡು ಪಂಗಡ. ರಕ್ತ, ಮಣ್ಣು ಬಿಟ್ಟು ಸಂವಿಧಾನದ ಮೇಲಿನ ನಿಷ್ಠೆಯೇ ಸಾಕು ಎಂದವರು ರಾಜಕೀಯ ಚಿಂತಕ ಡೋಲ್ಫ್ ಸ್ಟರ್ನ್‌ಬರ್ಗರ್, ಆಮೇಲೆ ತತ್ವಜ್ಞಾನಿ ಹಾಬರ್‌ಮಾಸ್. ಅದು ಸಾಲದು, ಒಂದು ಮುಖ್ಯ ಸಂಸ್ಕೃತಿಗೆ ಹೊಂದಿಕೊಳ್ಳಬೇಕು ಎಂದು 2000ದಲ್ಲಿ ಕ್ರಿಶ್ಚಿಯನ್ ಡೆಮಾಕ್ರಟರ ನಾಯಕ ಫ್ರೀಡ್ರಿಖ್ ಮೆರ್ಟ್ಸ್ ಚರ್ಚೆ ಎಬ್ಬಿಸಿದರು. 2025ರ ಮೇನಲ್ಲಿ ಅವರೇ ಚಾನ್ಸಲರ್ ಆದರು. ತಮಾಷೆ ಏನೆಂದರೆ, ‘ಮುಖ್ಯ ಸಂಸ್ಕೃತಿ’ಯ ಕಲ್ಪನೆಯನ್ನು ಮೊದಲು ಹರಿಯಬಿಟ್ಟವರು ಡಮಾಸ್ಕಸ್‌ನಲ್ಲಿ ಹುಟ್ಟಿದ ರಾಜ್ಯಶಾಸ್ತ್ರಜ್ಞ ಬಸ್ಸಾಮ್ ತೀಬಿ. ಅವರ ಮನಸ್ಸಿನಲ್ಲಿದ್ದದ್ದು ಯುರೋಪಿನ ಮೌಲ್ಯಗಳು.

ಸಂವಿಧಾನ ನ್ಯಾಯಾಲಯ ಎಲ್ಲಿ ನಿಲ್ಲುತ್ತದೆ ಅನ್ನುವುದು ಮಾತ್ರ ಸ್ಪಷ್ಟ. 2017ರ ಜನವರಿ 17ರಂದು ಎನ್‌ಪಿಡಿ ಎಂಬ ಉಗ್ರ ಬಲಪಂಥೀಯ ಪಕ್ಷದ ಮೊಕದ್ದಮೆಯಲ್ಲಿ ಅದು ಹೇಳಿತು: ವಂಶ ನೋಡಿ ‘ಜನ’ ಯಾರು ಎಂದು ತೀರ್ಮಾನಿಸಿ, ಉಳಿದವರನ್ನು ಹೊರಗಿಡುವುದು ಮಾನವ ಘನತೆಗೆ ವಿರುದ್ಧ.

ಕೊಟ್ಟ ಪೌರತ್ವವನ್ನು ಮತ್ತೆ ಕಿತ್ತುಕೊಳ್ಳಬಹುದಾ?

ಪೌರತ್ವ ಕಿತ್ತುಕೊಳ್ಳುವಂತಿಲ್ಲ ಎಂದು ಸಂವಿಧಾನದ 16ನೇ ವಿಧಿ ಹೇಳುತ್ತದೆ. 1933ರ ಪಟ್ಟಿಗಳ ನೆನಪಿನಲ್ಲೇ ಅದನ್ನು ಬರೆದಿದ್ದು. ಸುಳ್ಳು ಹೇಳಿ ಪೌರತ್ವ ಪಡೆದಿದ್ದರೆ 10 ವರ್ಷದ ಒಳಗೆ ರದ್ದು ಮಾಡಬಹುದು, ಅದು ಬೇರೆ. ಕಾನೂನು ಪ್ರಕಾರ ಪೌರತ್ವ ತಾನಾಗಿ ಹೋಗುವ ಸಂದರ್ಭಗಳೂ ಇವೆ, ಆದರೆ ಇಷ್ಟವಿಲ್ಲದವರನ್ನು ಯಾವ ದೇಶವೂ ಇಲ್ಲದವರನ್ನಾಗಿ ಮಾಡುವಂತಿಲ್ಲ. ಎರಡು ಪೌರತ್ವ ಇರುವವರು ಹೊರದೇಶದ ಉಗ್ರ ಸಂಘಟನೆ ಸೇರಿ ಯುದ್ಧ ಮಾಡಿದರೆ ಜರ್ಮನ್ ಪೌರತ್ವ ಹೋಗುತ್ತದೆ ಎಂದು 2019ರಲ್ಲಿ ಸೇರಿಸಿದರು. ಈ ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡಬೇಕು ಅನ್ನುವ ದನಿಗಳೂ ಇವೆ. ಹಾಗೆ ಆದರೆ ಅದು ತಟ್ಟುವುದು ಎರಡು ಪಾಸ್‌ಪೋರ್ಟ್ ಇರುವವರಿಗೆ ಮಾತ್ರ. 2024ರಲ್ಲಿ ಎರಡನ್ನೂ ಇಟ್ಟುಕೊಳ್ಳಿ ಎಂದು ಕರೆಸಿಕೊಂಡವರೂ ಅದರಲ್ಲಿ ಸೇರುತ್ತಾರೆ.